ಕಂಪ್ಯೂಟರಿನಲ್ಲಿ ಉಳಿದ ಹಳೆಯ ವಿಳಾಸ

ಅಕ್ಕನ ಹೆಗಲಿಗೆ ನೋವಿನೆಣ್ಣೆ ತಿಕ್ಕುವಾಗ ಆ ಗಂಟು ನನ್ನ ಕೈಗೆ ಸಿಕ್ಕಿತು. ಎಡಗಂಕುಳಿನ ಕೆಳಗೆ, ಎದೆಯ ಮಗ್ಗುಲಲ್ಲಿ, ಹುಣಸೆಬೀಜದಷ್ಟು ಗಟ್ಟಿಯಾಗಿತ್ತು. ನನ್ನ ಬೆರಳುಗಳು ಅಲ್ಲೇ ನಿಂತುಬಿಟ್ಟವು.

"ಇದೇನಕ್ಕ?"

"ಏನಿಲ್ಲ ಬಿಡು. ಮೊದ್ಲಿಂದ್ಲೂ ಇದೆ."

"ಮೊದ್ಲಿಂದ ಅಂದ್ರೆ ಯಾವಾಗ್ಲಿಂದ?"

"ಗೌರಿ ಹಬ್ಬದ ಹೊತ್ತಿಗೆ ಇತ್ತು ಅನ್ಸುತ್ತೆ."

ಆಗ ದೀಪಾವಳಿ ಮುಗಿದು ಪಟಾಕಿ ಕಸವನ್ನೂ ಗುಡಿಸಿಯಾಗಿತ್ತು. ಅಷ್ಟು ದಿನ ಗಂಟನ್ನು ಇಟ್ಟುಕೊಂಡು ಓಡಾಡಿದ್ದಾಳೆ, ಹೆಗಲುನೋವು ಎಂದು ಸುಳ್ಳು ಹೇಳಿ ನನ್ನ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಂಡಿದ್ದಾಳೆ. ನಾನು ಬೈದೆ. ಎಣ್ಣೆ ಕೈಯಲ್ಲೇ ಎದ್ದು ನಿಂತು, ಉಸಿರು ಕಟ್ಟುವವರೆಗೂ ಬೈದೆ. ಅವಳು ರವಿಕೆಯ ಗುಂಡಿ ಹಾಕಿಕೊಳ್ಳುತ್ತ, "ಮುಗೀತಾ?" ಎಂದು ಕೇಳಿ ಅಡುಗೆಮನೆಗೆ ಹೋದಳು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಬಸವೇಶ್ವರನಗರದ ನಮ್ಮ ಬೀದಿಗೆಲ್ಲ ಗೊತ್ತು. ತರಕಾರಿ ಗಾಡಿಯವನಿಗೆ ಗೊತ್ತು, ಮೇಲಿನ ಪೋರ್ಷನ್ನಿನ ಬಾಡಿಗೆಯವರಿಗೆ ಗೊತ್ತು. ಅಕ್ಕನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಗಂಡ ತೀರಿಕೊಂಡ ಮೇಲೆ ಅವಳು ದಾವಣಗೆರೆಯಿಂದ ನನ್ನ ಹತ್ತಿರ ಬಂದಳು. ನಾನು ಮದುವೆಯಾಗಲಿಲ್ಲ, ಅವಳಿಗೆ ಮಕ್ಕಳಾಗಲಿಲ್ಲ. ಮೊದಲು ಬಾಪೂಜಿ ನಗರದ ಒಂದು ಬಾಡಿಗೆ ಮನೆಯಲ್ಲಿದ್ದೆವು, ಆಮೇಲೆ ಇಲ್ಲಿಗೆ ಬಂದೆವು. ಅಡುಗೆ ಅವಳದು, ಬೈಗುಳ ನನ್ನದು. ನಲ್ಲಿ ಬಿಟ್ಟು ಹೋದರೆ ಬೈಯುತ್ತಿದ್ದೆ, ಒಗೆದ ಬಟ್ಟೆ ಮಡಚದಿದ್ದರೆ ಬೈಯುತ್ತಿದ್ದೆ, ಟಿವಿಯ ಧಾರಾವಾಹಿಯಲ್ಲಿ ಸೊಸೆ ಅತ್ತರೆ ಇವಳೂ ಅತ್ತಿದ್ದಕ್ಕೆ ಬೈಯುತ್ತಿದ್ದೆ. ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುತ್ತಿದ್ದಳು. ಹಾಗೇ ವರ್ಷಗಳು ಹೋದವು.

ರಾಜಾಜಿನಗರದ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಗಂಟನ್ನು ಒತ್ತಿ ನೋಡಿ, ಸೂಜಿ ಹಾಕಿ ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿಸಬೇಕು ಎಂದರು. "ಏನಿರಬಹುದು ಡಾಕ್ಟ್ರೇ?" ಎಂದು ಕೇಳಿದ್ದಕ್ಕೆ, "ಏನೂ ಇಲ್ದೆನೂ ಇರಬಹುದು, ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಲ್ಯಾಬಿನಲ್ಲಿ ಅಕ್ಕ ಒಂದು ರಂಪ ಮಾಡಿದಳು. ಒಳಗೆ ಕರೆದುಕೊಂಡು ಹೋಗುವ ಹೆಂಗಸು, "ಅಮ್ಮಾ, ಕುತ್ತಿಗೇಲಿರೋದೆಲ್ಲ ತೆಗ್ದು ಇವರ ಕೈಗೆ ಕೊಡಿ" ಎಂದಳು. ಅಕ್ಕ ಸರ ತೆಗೆದು ಕೊಟ್ಟಳು. ಬೆಳ್ಳಿ ಕರಡಿಗೆಯಲ್ಲಿದ್ದ ಇಷ್ಟಲಿಂಗವನ್ನು ಮಾತ್ರ ಕೊಡಲಿಲ್ಲ. ಲಿಂಗ ಕಟ್ಟಿದ ದಿನದಿಂದ ಅದು ಅವಳ ಮೈ ಬಿಟ್ಟಿಲ್ಲ. ನಾನಾದರೋ ಕಟ್ಟಿಕೊಳ್ಳುವುದನ್ನು ಯಾವತ್ತೋ ಬಿಟ್ಟವಳು. ನನ್ನ ಕೈಗೆ ಅದನ್ನು ಕೊಡುವ ಮಾತೇ ಇರಲಿಲ್ಲ. "ಸೂಜಿ ಚುಚ್ಚೋ ಜಾಗದಲ್ಲಿ ಲಿಂಗ ಬೇಡಾಂತ ಹೇಳ್ತಿದಾರೆ, ಹಟ ಮಾಡ್ಬೇಡ" ಎಂದು ಅಷ್ಟು ಜನರ ಮುಂದೆ ಬೈದೆ. ಕೊನೆಗೆ ಆ ಹೆಂಗಸೇ ಬ್ಯಾಂಡೇಜು ಬಟ್ಟೆಯ ಒಂದು ತುಂಡು ತಂದು, ಕರಡಿಗೆಯನ್ನು ಅಕ್ಕನ ಬಲಗೈ ರಟ್ಟೆಗೆ ಕಟ್ಟಿದಳು. ಅಕ್ಕ ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿದ ಮೇಲೆ ಅವಳ ಸರವನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುರ್ಚಿಯಲ್ಲಿ ಕುಳಿತೆ.

ರಿಪೋರ್ಟು ಮಂಗಳವಾರ ಬರುತ್ತದೆ ಎಂದರು. ಬಂದು ತೆಗೆದುಕೊಂಡು ಹೋಗುವ ಹಾಗಿಲ್ಲವಂತೆ. "ಎಲ್ಲ ಆನ್‌ಲೈನೇ ಮೇಡಂ, ನಮ್ ವೆಬ್‌ಸೈಟಲ್ಲಿ ಈ ನಂಬರ್ ಹಾಕಿ, ಕಾಣ್ಸುತ್ತೆ. ರೆಡಿ ಆದ್ರೆ ಪೇಷಂಟ್ ಫೋನಿಗೂ ಮೆಸೇಜ್ ಬರುತ್ತೆ" ಎಂದು ಒಂದು ಚೀಟಿ ಕೊಟ್ಟರು. ಪೇಷಂಟ್ ಎಂದರೆ ನಮ್ಮ ಅಕ್ಕ. ಅವಳ ಟಚ್ ಫೋನು ನಾನೇ ಕೊಡಿಸಿದ್ದು, ವಚನ ಕೇಳಲಿ ಎಂದು. ಅದರಲ್ಲಿ ಅವಳು ವಚನ ಕೇಳುವುದು ಬಿಟ್ಟರೆ ದಾವಣಗೆರೆಯ ನೆಂಟರ ಮೊಮ್ಮಕ್ಕಳ ಫೋಟೋ ನೋಡುತ್ತಾಳೆ, ಅಷ್ಟೇ. ನನ್ನದು ಗುಂಡಿ ಒತ್ತುವ ಹಳೇ ಫೋನು. ಅಂಗೈ ಅಗಲದ ಗಾಜಿನ ಮೇಲೆ ಬೆರಳು ಜಾರಿಸುತ್ತ ಕೂರುವುದು ನನಗೆ ಆಗದು. ಏನೇ ನೋಡುವುದಿದ್ದರೂ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂರಬೇಕು.

ಈ ಕಂಪ್ಯೂಟರಿನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಒಂದು ಸಹಕಾರ ಸಂಘದ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿದ್ದೆ. ಟೈಪ್‌ರೈಟರಿನಲ್ಲಿ ಬೆರಳು ಸವೆಸಿದವಳು, ಕೂದಲು ಬೆಳ್ಳಗಾದ ಮೇಲೆ ಕಂಪ್ಯೂಟರು ಕಲಿತೆ. ನಿವೃತ್ತಳಾದ ಮೇಲೆ ಮನೆಗೂ ಒಂದು ತಂದು ನಡುಮನೆಯಲ್ಲಿ, ದೇವರ ಕೋಣೆಯ ಬಾಗಿಲಿಗೆ ಎದುರಾಗಿ ಇಟ್ಟೆ. ಅದನ್ನು ನಾನು ಎಂದೂ ಆರಿಸುವುದಿಲ್ಲ. ಒಮ್ಮೆ ಆರಿಸಿದ್ದು ಮತ್ತೆ ಹೊತ್ತಿಕೊಳ್ಳದೆ ವಾರಗಟ್ಟಲೆ ಸತಾಯಿಸಿತ್ತು. ಆಮೇಲಿಂದ ರಾತ್ರಿ ಸ್ಲೀಪ್ ಒತ್ತಿ ಮಲಗಿಸುವುದು, ಬೆಳಿಗ್ಗೆ ಎಬ್ಬಿಸುವುದು, ಇಷ್ಟೇ. ಮೇಲೊಂದು ಕಸೂತಿ ಬಟ್ಟೆ ಹೊದಿಸುತ್ತೇನೆ. ಅಕ್ಕ ಅದನ್ನು ನನ್ನ ದೇವರು ಎಂದು ಹಾಸ್ಯ ಮಾಡುತ್ತಾಳೆ.

ಮಂಗಳವಾರ ಬೆಳಿಗ್ಗೆ ಕಾಫಿಗೂ ಮುಂಚೆ ಅದನ್ನು ಎಬ್ಬಿಸಿ ಲ್ಯಾಬಿನ ಪುಟ ತೆರೆದೆ. ಚೀಟಿಯ ನಂಬರು ಹಾಕಿದೆ. ಅಕ್ಕನ ಹೆಸರು, ವಯಸ್ಸು, ಅದರ ಕೆಳಗೆ ಹಳದಿ ಪಟ್ಟಿಯಲ್ಲಿ ಕನ್ನಡದ ಒಂದೇ ಸಾಲು ಇತ್ತು. ಪರೀಕ್ಷೆ ನಡೆಯುತ್ತಿದೆ, ದಯವಿಟ್ಟು ಕಾಯಿರಿ. ಕಾದೆ. ಮಧ್ಯಾಹ್ನ ಊಟವಾದ ಮೇಲೆ ನೋಡಿದೆ, ಅದೇ ಹಳದಿ ಪಟ್ಟಿ. ಅಕ್ಕ ಬಿಲ್ವಪತ್ರೆ ತರುತ್ತೇನೆ ಎಂದು ಹೊರಗೆ ಹೋದಳು. ಅವಳು ಹೋದ ಮೇಲೂ ನೋಡಿದೆ. ಹಳದಿ ಪಟ್ಟಿ ಕದಲಲಿಲ್ಲ.

ಬಿಲ್ವಪತ್ರೆ ಸಿಗುವುದು ಮೂಲೆಯ ಹೂವಿನಂಗಡಿಯಲ್ಲಿ. ಹೋಗಿ ಬರಲು ಕಾಲುಗಂಟೆ ಸಾಕು. ಇವಳು ಸಂಜೆ ಬೀದಿದೀಪ ಹತ್ತುವ ಹೊತ್ತಿಗೆ ಬಂದಳು. ಗೇಟಿನ ಹತ್ತಿರ ನಿಂತು ದಾರಿ ನೋಡಿ ನೋಡಿ ನನ್ನ ತಲೆ ಕೆಟ್ಟುಹೋಗಿತ್ತು. ಎಲ್ಲಿ ತಲೆಸುತ್ತಿ ಬಿದ್ದಳೋ, ಯಾವ ಸ್ಕೂಟರಿನವನು ಗುದ್ದಿದನೋ ಎಂದು ಏನೇನೋ ಯೋಚನೆ. ಅವಳು ತಲೆ ತಗ್ಗಿಸಿಕೊಂಡು, ಕೈಯಲ್ಲಿ ಸಣ್ಣ ಪೊಟ್ಟಣ ಹಿಡಿದುಕೊಂಡು ನಿಧಾನವಾಗಿ ಬರುತ್ತಿರುವುದು ಕಂಡದ್ದೇ ತಡ, ಶುರುಮಾಡಿದೆ.

"ಬಿಲ್ವಪತ್ರೆ ತರೋಕೆ ಶ್ರೀಶೈಲಕ್ಕೆ ಹೋಗಿದ್ಯಾ? ಮನೇಲಿ ಒಬ್ಬಳು ಸಾಯ್ತಾ ಕೂತಿದಾಳೆ ಅಂತ ಜ್ಞಾನ ಬೇಡ್ವಾ? ಫೋನ್ ಯಾಕೆ ಕೊಡ್ಸಿರೋದು ನಿಂಗೆ, ಸೊಂಟಕ್ಕೆ ಸಿಕ್ಕಿಸ್ಕೊಳೋಕಾ?"

ಮೇಲಿನ ಪೋರ್ಷನ್ನಿನವರು ಬಾಲ್ಕನಿಗೆ ಬಂದು ನೋಡಿ ಒಳಗೆ ಹೋದರು. ಅಕ್ಕ ಗೇಟು ಹಿಡಿದುಕೊಂಡು ನಿಂತಳು. ಎಂದಿನಂತೆ ಒಳಗೆ ನುಗ್ಗಿ ಹೋಗಲಿಲ್ಲ. ನಾನು ಬೈದು ಮುಗಿಸುವವರೆಗೂ ಅಲ್ಲೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಸ್ವಲ್ಪ ನಕ್ಕ ಹಾಗೂ ಕಂಡಿತು. ನಗುವುದು ಬೇರೆ ಕೇಡು ಎಂದು ಅದಕ್ಕೂ ಬೈದೆ.

ರಾತ್ರಿಯೂಟಕ್ಕೆ ಮುಂಚೆ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತೆ. ಅಕ್ಕ ಬಂದು ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡು ಹಿಂದೆ ನಿಂತಳು. ಹಳದಿ ಪಟ್ಟಿಯನ್ನು ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಇನ್ನೂ ನಡೀತಾ ಇದೆ ಅಂತಾನೇ ಇದೆಯಲ್ಲ" ಎಂದಳು.

"ಮತ್ತೆ ನಾನೇನು ಸುಳ್ಳು ಹೇಳ್ತಿದೀನಾ? ನಿನ್ ಫೋನಿಗೆ ಏನಾದ್ರೂ ಬಂತಾ?"

"ಬಂದ್ರೆ ಬ್ಯಾಂಕಿನವರದ್ದು ಬರುತ್ತೆ. ಇನ್ಯಾರದ್ದು ಬರುತ್ತೆ ನಂಗೆ?"

"ಸರಿ, ಪಕ್ಕಕ್ಕೆ ಹೋಗು. ಬೆಳಕಿಗೆ ಅಡ್ಡ ನಿಂತಿದೀಯ."

ಅವಳು ಪಕ್ಕಕ್ಕೆ ಹೋಗಲಿಲ್ಲ. ಬಹಳ ಹೊತ್ತು ಆ ಹಳದಿ ಪಟ್ಟಿಯನ್ನು ನೋಡುತ್ತ ನಿಂತಿದ್ದಳು. ಆಮೇಲೆ, "ಇರ್ಲಿ ಬಿಡೇ, ಅದಾಗಿ ಅದೇ ಬರೋವಾಗ ಬರುತ್ತೆ" ಎಂದು ಒಳಗೆ ಹೋದಳು.

ಬುಧವಾರ ಬೆಳಿಗ್ಗೆಯೂ ಪರೀಕ್ಷೆ ನಡೆಯುತ್ತಲೇ ಇತ್ತು. ಅಕ್ಕ ಸ್ನಾನ ಮಾಡಿ, ಅಡುಗೆ ಮುಗಿಸಿ, ಪೂಜೆಗೆ ಕುಳಿತಿದ್ದಳು. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕುಳಿತಳೆಂದರೆ ಅವಳನ್ನು ಕರೆಯುವ ಹಾಗಿಲ್ಲ, ಮಾತಾಡಿಸುವ ಹಾಗಿಲ್ಲ. ಮನೆಗೆ ಬೆಂಕಿ ಬಿದ್ದರೂ ಪೂಜೆ ಮುಗಿಸಿಯೇ ಏಳುವವಳು. ನಾನು ಈ ಹೊತ್ತೇ ಸರಿ ಎಂದು ಲ್ಯಾಬಿಗೆ ಫೋನು ಮಾಡಿದೆ. ಸಂಗೀತ ಕೇಳಿಸಿ, ಒಂದು ಒತ್ತಿ ಎರಡು ಒತ್ತಿ ಎಂದು ಕುಣಿಸಿ, ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಮಂಗಳವಾರ ಎಂದವರು ಬುಧವಾರವಾದರೂ ಕೊಟ್ಟಿಲ್ಲ, ನಿಮ್ಮ ಲ್ಯಾಬಿಗೆ ಬಾಗಿಲು ಹಾಕಿಕೊಳ್ಳಿ ಎಂದು ಅವಳ ಮೇಲೆ ಹರಿಹಾಯ್ದೆ.

ಆ ಹುಡುಗಿ ಪಾಪ ಮಧ್ಯೆ ಬಾಯಿ ಹಾಕಲಿಲ್ಲ. ನಂಬರು ಕೇಳಿ ನೋಡಿದಳು.

"ಮೇಡಂ, ರಿಪೋರ್ಟ್ ನಿನ್ನೆನೇ ರೆಡಿ ಆಗಿದೆ. ಪೇಷಂಟ್ ನಂಬರಿಗೆ ಮೆಸೇಜೂ ಹೋಗಿದೆ."

"ಅವಳಿಗೆ ಮೆಸೇಜ್ ನೋಡೋಕೆ ಬರಲ್ಲಮ್ಮ. ನಾನು ಕಂಪ್ಯೂಟರಲ್ಲಿ ನೋಡ್ತಿದೀನಿ, ಪರೀಕ್ಷೆ ನಡೀತಿದೆ ಅಂತಾನೇ ಇದೆ."

"ನಿನ್ನೆ ನಮ್ ವೆಬ್‌ಸೈಟ್ ಹೊಸ ಸರ್ವರಿಗೆ ಶಿಫ್ಟ್ ಮಾಡಿದಾರೆ ಮೇಡಂ. ನಿಮ್ ಸಿಸ್ಟಮ್ ಇನ್ನೂ ಹಳೇದಕ್ಕೇ ಹೋಗ್ತಿದೆ ಅನ್ಸುತ್ತೆ. ಹಳೇದ್ರಲ್ಲಿ ಏನೂ ಅಪ್‌ಡೇಟ್ ಆಗಲ್ಲ. ನೀವು ಡಿಎನ್‌ಎಸ್ ಕ್ಯಾಶ್ ಕ್ಲಿಯರ್ ಮಾಡ್ಬೇಕು."

"ಹಾಗಂದ್ರೇನಮ್ಮ?"

"ನಂಗೂ ಗೊತ್ತಿಲ್ಲ ಮೇಡಂ. ಬೆಳಗ್ಗೆಯಿಂದ ತುಂಬ ಜನ ಕೇಳ್ತಿದಾರೆ ಅಂತ ಇಲ್ಲಿ ಬರ್ಕೊಟ್ಟಿದಾರೆ. ಓದ್ತೀನಿ, ಬರ್ಕೊಳಿ."

ಬರೆದುಕೊಂಡೆ. ಅವಳು ಒಂದೊಂದೇ ಅಕ್ಷರ ಹೇಳಿದಳು, ನಾನು ಶಾಲೆಯ ಉಕ್ತಲೇಖನದ ಹಾಗೆ ತಿರುಗಿ ಹೇಳಿದೆ. ಕೊನೆಗೆ ದನಿ ತಗ್ಗಿಸಿ ಕೇಳಿದೆ, "ರಿಪೋರ್ಟಲ್ಲಿ ಏನಿದೆ ಅಂತ ನೀನೇ ಒಂದ್ಮಾತು ಹೇಳ್ಬಿಡಮ್ಮ."

"ಫೋನಲ್ಲಿ ಹೇಳೋ ಹಾಗಿಲ್ಲ ಮೇಡಂ." ಸ್ವಲ್ಪ ತಡೆದು, "ನೀವು ನೋಡಿ, ಆಮೇಲೆ ಡಾಕ್ಟರನ್ನ ಬೇಗ ಕಾಣಿ ಮೇಡಂ" ಎಂದಳು. ಆ 'ಬೇಗ' ಎಂಬುದನ್ನು ಅವಳು ಹೇಳಬಾರದಿತ್ತು. ಫೋನು ಇಟ್ಟ ಮೇಲೆ ಕಿವಿಯಲ್ಲಿ ಅದೊಂದೇ ಉಳಿಯಿತು.

ಯಾವುದನ್ನೂ ಅರ್ಥವಾಗದೆ ಮಾಡುವ ಜಾಯಮಾನ ನನ್ನದಲ್ಲ. ಹೊಳೆಗೆ ಹಾಕಿದರೂ ಅಳೆದು ಹಾಕಬೇಕು. ಈ ಕ್ಯಾಶ್ ಎಂದರೇನು ಎಂದು ಕಂಪ್ಯೂಟರಿನಲ್ಲೇ ಹುಡುಕಿ ಓದಿದೆ. ವಿಷಯ ಅಂಥ ಕಷ್ಟದ್ದೇನಲ್ಲ. ನಾವು ವೆಬ್‌ಸೈಟುಗಳನ್ನು ಹೆಸರು ಹಿಡಿದು ಕರೆಯುತ್ತೇವೆ, ಆದರೆ ಯಂತ್ರಕ್ಕೆ ಬೇಕಾದದ್ದು ನಂಬರು, ಅಂದರೆ ಮನೆಯ ವಿಳಾಸ. ಹೆಸರು ಕೊಟ್ಟಾಗಲೆಲ್ಲ ಅದು ಹೊರಗೆ ಹೋಗಿ ವಿಳಾಸ ಕೇಳಿಕೊಂಡು ಬರಬೇಕು. ಪದೇಪದೇ ಕೇಳುವುದೇಕೆ ಎಂದು ಒಮ್ಮೆ ಕೇಳಿದ್ದನ್ನು ಒಂದಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಆ ನಡುವೆ ವೆಬ್‌ಸೈಟಿನವರು ಮನೆ ಬದಲಿಸಿದರೆ ಅದಕ್ಕೆ ಗೊತ್ತಾಗುವುದಿಲ್ಲ. ನಾವು ಬಾಪೂಜಿ ನಗರ ಬಿಟ್ಟು ಬಂದ ಮೇಲೆ ಊರಿನ ನೆಂಟರು ಹಣ್ಣುಕಾಯಿ ಹಿಡಿದುಕೊಂಡು ಆ ಹಳೇ ಮನೆಗೇ ಹೋಗಿ ಬಾಗಿಲು ತಟ್ಟುತ್ತಿದ್ದರು, ಹಾಗೆ. ಆರಿಸಿ ಹೊತ್ತಿಸಿದ್ದರೆ ಅದು ಎಲ್ಲ ಮರೆಯುತ್ತಿತ್ತಂತೆ. ನಾನು ಆರಿಸುವವಳೇ ಅಲ್ಲವಲ್ಲ. ಹಾಗಾಗಿ ನಿನ್ನೆ ಬೆಳಿಗ್ಗೆ ಕಲಿತ ವಿಳಾಸಕ್ಕೇ ಅದು ಇಂದೂ ನಿಷ್ಠೆಯಿಂದ ಹೋಗಿ ಬರುತ್ತಿತ್ತು.

ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು ಬರೆದುಕೊಂಡದ್ದನ್ನು ಟೈಪು ಮಾಡಿದೆ. ಐಪಿಕಾನ್ಫಿಗ್, ಒಂದು ಜಾಗ, ಒಂದು ಓರೆಗೆರೆ, ಫ್ಲಶ್‌ಡಿಎನ್‌ಎಸ್. ಅಕ್ಷರಗಳನ್ನು ಒಮ್ಮೆ ತಾಳೆ ನೋಡಿದೆ. ಎಲ್ಲ ಸರಿಯಾಗಿತ್ತು. ಎಂಟರ್ ಒತ್ತುವುದೊಂದು ಬಾಕಿ.

ಒತ್ತಲಾಗಲಿಲ್ಲ.

ಹಿಂದಿನ ದಿನವೆಲ್ಲ ರಿಪೋರ್ಟು ಬರಲಿಲ್ಲ ಎಂದು ಹಾರಾಡಿದವಳು ನಾನು. ಈಗ ಒಂದು ಬೆರಳು ತಾಗಿಸಿದರೆ ಬರುತ್ತದೆ, ಕೈ ಏಳಲಿಲ್ಲ. ಪಕ್ಕದ ಕಿಟಕಿಯಲ್ಲಿ ಆ ಹಳದಿ ಪಟ್ಟಿ ಇನ್ನೂ ಇತ್ತು. ಅಲ್ಲಿ ಅಕ್ಕನಿಗೆ ಏನೂ ಆಗಿರಲಿಲ್ಲ, ಪರೀಕ್ಷೆ ನಡೆಯುತ್ತಿತ್ತು ಅಷ್ಟೇ. ಹಾಗೇ ಬಿಟ್ಟುಬಿಟ್ಟರೇನು ಎಂದು ನನಗೆ ಅನಿಸಿದ್ದು ನಿಜ. ಬಿಟ್ಟರೆ ಗಂಟು ಕರಗುವುದಿಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಹೆದರಿಕೆಗೆ ಬುದ್ಧಿ ಇರುವುದಿಲ್ಲ. ನನಗೆ ಹೆದರಿಕೆಯಾಗಿತ್ತು. ತೆರೆದ ಬಾಗಿಲಿನಿಂದ ಅಕ್ಕನ ಬೆನ್ನು ಕಾಣುತ್ತಿತ್ತು. ಒದ್ದೆ ಕೂದಲಿಗೆ ಬಿಳಿ ಟವೆಲು ಕಟ್ಟಿಕೊಂಡಿದ್ದಳು. ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಅದರಲ್ಲಿದ್ದ ಲಿಂಗವನ್ನು ನೋಡುತ್ತ ಕದಲದೆ ಕುಳಿತಿದ್ದಳು. ಅಷ್ಟು ಹೊತ್ತು ಕೈ ಎತ್ತಿ ಹಿಡಿದರೆ ಆ ಕಂಕುಳು ನೋಯುವುದಿಲ್ಲವೇ ಎಂದು ಅಂದುಕೊಂಡೆ. ಎಂದಿಗಿಂತ ಅವತ್ತು ಪೂಜೆ ಉದ್ದವಾಗಿತ್ತು.

ಅವಳು ಕೆಮ್ಮಿದಳು. ಪೂಜೆ ಮುಗಿಸಿ ಎದ್ದು ಬಂದುಬಿಡುತ್ತಾಳೆ ಎಂಬ ದಿಗಿಲಿನಲ್ಲಿ ಎಂಟರ್ ಒತ್ತಿದೆ. ಯಶಸ್ವಿಯಾಗಿ ತೆರವುಗೊಳಿಸಲಾಗಿದೆ ಎಂಬ ಅರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ ಮೂಡಿತು. ಲ್ಯಾಬಿನ ಪುಟವನ್ನು ಮುಚ್ಚಿ ಮತ್ತೆ ತೆರೆದೆ. ಈ ಸಲ ಬಂದದ್ದು ಬೇರೆಯದೇ ಪುಟ. ಬಣ್ಣ ಹೊಸದು, ಹಲ್ಲು ಕಿರಿದು ನಗುವ ಒಂದು ಸಂಸಾರದ ಚಿತ್ರ ಹೊಸದು. ನಂಬರು ಹಾಕಿದೆ. ಹಳದಿ ಪಟ್ಟಿ ಇರಲಿಲ್ಲ.

ರಿಪೋರ್ಟಿನ ಭಾಷೆ ಡಾಕ್ಟರುಗಳ ಭಾಷೆ. ಆದರೆ ಆಫೀಸಿನಲ್ಲಿ ನೌಕರರ ವೈದ್ಯಕೀಯ ಬಿಲ್ಲುಗಳೆಲ್ಲ ನನ್ನ ಮೇಜಿನ ಮೇಲಿಂದಲೇ ಹೋಗುತ್ತಿದ್ದವು. ಕೊನೆಯ ಸಾಲಿನಲ್ಲಿ 'ಕಾರ್ಸಿನೋಮ' ಎಂಬ ಪದ ಇತ್ತು. ಆ ಪದವನ್ನು ಎಷ್ಟೋ ಬಿಲ್ಲುಗಳ ಮೇಲೆ ಕಂಡಿದ್ದೆ, ಮುದ್ರೆ ಒತ್ತಿ ಮುಂದಕ್ಕೆ ಕಳಿಸಿದ್ದೆ. ಅದರ ಅರ್ಥ ಯಾರನ್ನೂ ಕೇಳಬೇಕಾಗಿರಲಿಲ್ಲ.

ಎಲ್ಲವನ್ನೂ ಮುಚ್ಚಿ, ಕಂಪ್ಯೂಟರನ್ನು ಮಲಗಿಸಿ, ಬಟ್ಟೆ ಹೊದಿಸಿದೆ. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಮುಖ ತೊಳೆದೆ. ಮತ್ತೆ ಮತ್ತೆ ತೊಳೆದೆ.

ಈಗಲೇ ಹೇಳುವುದಿಲ್ಲ, ಅವಳು ಉಂಡ ಮೇಲೆ ಹೇಳುತ್ತೇನೆ ಎಂದು ತೀರ್ಮಾನಿಸಿದೆ. ಅದು ನಮ್ಮ ಮನೆಯ ಪದ್ಧತಿ. ಹಸಿದವರಿಗೆ ಕೆಟ್ಟ ಸುದ್ದಿ ಹೇಳಬಾರದು. ನಮ್ಮ ಅಜ್ಜ ಹೋದ ಸುದ್ದಿ ಬಂದ ದಿನ ಅವ್ವ ಅದನ್ನು ಬಾಯಿಬಿಡದೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ರೊಟ್ಟಿ ಬಡಿಸಿದ್ದಳು. ಎಲ್ಲರೂ ಕೈ ತೊಳೆದ ಮೇಲೆ ಹೇಳಿ, ಆಮೇಲೆ ಗೋಡೆಗೆ ಒರಗಿ ಕುಳಿತು ಅತ್ತಳು. ಸತ್ತದ್ದು ಅವಳ ಅಪ್ಪ. "ಉಂಡ್ ಅತ್ರೆ ಅಳಾಕ ಶಕ್ತಿ ಇರ್ತತಿ" ಎಂದು ಆಮೇಲೊಮ್ಮೆ ಹೇಳಿದ್ದಳು. ಅವತ್ತು ಅವಳು ಮಾತ್ರ ಉಂಡಿರಲಿಲ್ಲ.

ಅಕ್ಕ ವಿಭೂತಿ ಹಚ್ಚಿಕೊಂಡು ಹೊರಗೆ ಬಂದಳು. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಎಲ್ಲ ಪೂಜೆಗೆ ಕೂರುವ ಮೊದಲೇ ಮಾಡಿಟ್ಟಿದ್ದಳು. ನಾನು ಇಬ್ಬರಿಗೂ ತಟ್ಟೆ ಹಾಕಿದೆ. ಸಾಮಾನ್ಯವಾಗಿ ಅವಳು ಬಡಿಸುತ್ತಾಳೆ, ನಾನು ಪೇಪರು ಓದುತ್ತ ಉಣ್ಣುತ್ತೇನೆ. ಅವತ್ತು ಅವಳ ರೊಟ್ಟಿಯ ಮೇಲೆ ನಾನೇ ಬೆಣ್ಣೆ ಇಟ್ಟೆ. ಲೋಟಕ್ಕೆ ನೀರು ಬಗ್ಗಿಸಿದೆ. "ಕುರ್ಚಿ ಬೇಕಾ, ನೆಲಕ್ಕೆ ಕೂತ್ರೆ ಸೊಂಟ ನೋಯುತ್ತೇನೋ" ಎಂದೂ ಕೇಳಿದೆ. ನನ್ನ ದನಿ ನನಗೇ ಪರಿಚಯವಿಲ್ಲದವರ ದನಿಯ ಹಾಗಿತ್ತು.

ಅವಳು ಒಂದು ತುತ್ತು ತಿಂದಳು. ನಿಲ್ಲಿಸಿದಳು. ನಾನು ತಲೆ ತಗ್ಗಿಸಿಕೊಂಡು ತಿನ್ನುತ್ತಲೇ ಇದ್ದೆ. ಹೇಗೆ ಹೇಳಲಿ, ಮೊದಲ ಮಾತು ಯಾವುದು ಎಂದು ತಲೆಯಲ್ಲಿ ಜೋಡಿಸುತ್ತಿದ್ದೆ.

"ಪಲ್ಯ ಹೇಗಿದೆ?" ಎಂದು ಕೇಳಿದಳು.

"ಚೆನ್ನಾಗಿದೆ. ತುಂಬ ಚೆನ್ನಾಗಿದೆ."

ತಲೆಯೆತ್ತಿ ನೋಡಿದರೆ ಅವಳು ತಟ್ಟೆ ಮುಟ್ಟದೆ ನನ್ನನ್ನೇ ನೋಡುತ್ತಿದ್ದಳು.

"ಉಪ್ಪು ಹಾಕೋದೇ ಮರ್ತಿದೀನಿ ಕಣೇ" ಎಂದಳು. "ಒಂದು ಹರಳೂ ಇಲ್ಲ. ನೀನು ಅರ್ಧ ತಟ್ಟೆ ಖಾಲಿ ಮಾಡಿದೀಯ."

ನಾನು ತಿಂದದ್ದರಲ್ಲಿ ಉಪ್ಪು ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

"ತೆರ್ಕೊಂಡ್ತಾ ನಿನ್ ಕಂಪ್ಯೂಟ್ರು?" ಎಂದು ಕೇಳಿದಳು. "ನೋಡಿದ್ಯಾ?"

"ಏನನ್ನ?"

"ಅದೇ. ರಿಪೋರ್ಟು."

ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಬೆಕ್ಕಿನ ಗತಿಯಾಯಿತು ನನ್ನದು. ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅಕ್ಕ ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿದಳು.

"ನಂಗೆ ನಿನ್ನೆ ಮಧ್ಯಾಹ್ನಾನೇ ಬಂತು ಮೆಸೇಜು. ನೀಲಿ ಅಕ್ಷರ ಇತ್ತಲ್ಲ, ಅದನ್ನ ಒತ್ತಿದೆ, ತೆರ್ಕೊಂಡ್ತು. ಎಲ್ಲ ಇಂಗ್ಲಿಷು. ಮುಂದಿನ ಬೀದಿ ಕ್ಲಿನಿಕ್ಕಿಗೆ ತಗೊಂಡೋಗಿ ಡಾಕ್ಟ್ರ ಹತ್ರ ಓದಿಸ್ದೆ. ತುಂಬ ಜನ ಇದ್ರು, ಕಾದೆ. ಬಿಲ್ವಪತ್ರೆ ಆಮೇಲೆ ತಗೊಂಡಿದ್ದು."

ಸಂಜೆ ಅವಳು ತಲೆ ತಗ್ಗಿಸಿ ನಡೆದು ಬಂದದ್ದು, ಗೇಟು ಹಿಡಿದು ನಿಂತದ್ದು, ಎಲ್ಲ ಕಣ್ಣ ಮುಂದೆ ಬಂತು. ಎಲ್ಲ ತಿಳಿದುಕೊಂಡು ಬಂದು ನನ್ನ ಕುರ್ಚಿಯ ಹಿಂದೆ ನಿಂತು ಆ ಹಳದಿ ಪಟ್ಟಿಯನ್ನು ಓದಿದ್ದಳು. ನಾನು ಪಕ್ಕಕ್ಕೆ ಹೋಗು ಎಂದಿದ್ದೆ.

"ಮತ್ತೆ ನಿನ್ನೇನೇ ಯಾಕ್ ಹೇಳ್ಲಿಲ್ಲ?" ಪಿಸುಮಾತಿನಲ್ಲಿ ಕೇಳಿದೆ. "ಒಬ್ಳೇ ಇಟ್ಕೊಂಡು ಹೇಗಿದ್ದೆ ನೀನು?"

ಅವಳು ಬೆರಳಿನಿಂದ ರೊಟ್ಟಿಯ ಅಂಚನ್ನು ಮುರಿದಳು.

"ಆ ಡಾಕ್ಟ್ರು ಯಾವಾಗ್ಲೂ ಸಿಡಿಸಿಡಿ ಅಂತಾರೆ, ನಿಂಗೊತ್ತಲ್ಲ. ನಿನ್ನೆ ಓದಿದ್ಮೇಲೆ, ಕೂತ್ಕೊಳಿ ಅಮ್ಮ, ನೀರು ಕುಡೀರಿ ಅಮ್ಮ ಅಂತ ಎಷ್ಟು ಮೆತ್ತಗೆ ಮಾತಾಡಿದ್ರು ಅಂದ್ರೆ, ಆ ಕಾಯಿಲೆ ಹೆಸರು ಕೇಳಿದ್ದಕ್ಕಿಂತ ಅವರ ಮೆತ್ತಗಿನ ಮಾತು ಕೇಳೇ ನಂಗೆ ಭಯ ಆಗಿದ್ದು. ನಡುಗ್ತಾ ಬಂದೆ ದಾರೀಲಿ. ಗೇಟಲ್ಲಿ ನೀನು ಬೈಯೋಕೆ ಶುರು ಮಾಡಿದ್ಯಲ್ಲ, ನಡುಕ ನಿಂತೋಯ್ತು. ಏನೂ ಆಗಿಲ್ಲ, ಎಲ್ಲ ಮೊದ್ಲಿನ ಹಾಗೇ ಇದೆ ಅನ್ನಿಸ್ತು. ಇದೊಂದು ದಿನ ಇರ್ಲಿ ಅಂತ ಸುಮ್ನಾದೆ. ಹೇಳಿದ್ರೆ ನೀನೂ ಹೀಗೆ ಬೆಣ್ಣೆ ಹಾಕ್ತಿದ್ದೆ."

ನಾನು ಅಳಬಾರದೆಂದು ಹಲ್ಲು ಕಚ್ಚಿದೆ. ಎಡಗೈಯಿಂದ ಕಣ್ಣು ಒರೆಸಿಕೊಂಡದ್ದು ಅವಳಿಗೆ ಕಾಣಿಸಿತು. ಅವಳ ಮುಖ ಸಣ್ಣದಾಯಿತು. ನಾನು ಹೆದರಿರುವುದನ್ನು ನೋಡಿ ಅವಳು ಹೆದರುತ್ತಿದ್ದಳು.

"ಬೈಯೇ" ಎಂದಳು. "ಉಪ್ಪಿಲ್ಲದ ಪಲ್ಯ ಮಾಡಿದೀನಿ. ವಿಷಯ ಮುಚ್ಚಿಟ್ಟಿದೀನಿ. ಬೈಯಿ ನನ್ನ."

ಗಂಟಲು ಸರಿಮಾಡಿಕೊಂಡೆ. ಬೆನ್ನು ನೇರ ಮಾಡಿ ಕುಳಿತೆ. "ಬುದ್ಧಿ ಎಲ್ಲಿಟ್ಟಿದೀಯ ನೀನು? ಇಷ್ಟು ವಯಸ್ಸಾಯ್ತು, ಪಲ್ಯಕ್ಕೆ ಉಪ್ಪು ಹಾಕ್ಬೇಕು ಅಂತ ಯಾರು ಹೇಳ್ಕೊಡ್ಬೇಕು? ಇದನ್ನ ಮನುಷ್ಯರು ತಿಂತಾರಾ?" ಎಂದೆ. ಮಾತುಗಳೆಲ್ಲ ಅವೇ. ದನಿಯೂ ಸಾಕಷ್ಟು ಜೋರಾಗಿಯೇ ಬಂತು.

ಅಕ್ಕ ಕಿವಿಗೊಟ್ಟು, ಕೊನೆಯವರೆಗೂ ಕೇಳಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಇದಲ್ಲ ಕಣೇ" ಎಂದಳು. "ನಿನ್ನೆ ಬೈದಿದ್ದು ಬೇರೆ ಥರ ಇತ್ತು."